ಬರಲಿರುವ ಹೈ ಪರ್ಫಾರ್ಮೆನ್ಸ್ ಲಕ್ಷುರಿ ಸೆಡಾನ್‌ನ ಬೆಲೆ ಅಂದಾಜು ಮಾಡುವುದು ಹೇಗೆ: ಹಂತ ಹಂತವಾಗಿ

ಬೆಲೆ ಅಂದಾಜು ಮಾಡಲು ಕೂತವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಇಂಜಿನ್ ಎಷ್ಟು ಎಚ್‌ಪಿ (ಶಕ್ತಿಯ ಅಳತೆ), ಬ್ಯಾಟರಿ ಎಷ್ಟು ದೊಡ್ಡದು, ರೂಫ್ ಕಾರ್ಬನ್ ಫೈಬರ್‌ದಾ ಎಂದು ನೋಡುತ್ತಾರೆ. ಒಂದೊಂದಕ್ಕೂ ಇಷ್ಟಿಷ್ಟು ಎಂದು ಕೂಡಿಸುತ್ತಾ ಹೋಗುತ್ತಾರೆ. ಕಂಪನಿ ಬೆಲೆ ಹೇಳಿದ ದಿನ ಅವರ ಮೊತ್ತ ಎಲ್ಲೋ, ನಿಜವಾದ ಬೆಲೆ ಇನ್ನೆಲ್ಲೋ.

ಕಂಪನಿ ಹಾಗೆ ಬೆಲೆ ಕಟ್ಟುವುದಿಲ್ಲ. ಈ ಕಾರು ತನ್ನದೇ ಬ್ರ್ಯಾಂಡಿನ ಯಾವ ಮಾದರಿಗಿಂತ ಮೇಲೆ ನಿಲ್ಲಬೇಕು, ಎದುರಾಳಿಯ ಕಾರು ಎಷ್ಟಕ್ಕೆ ಸಿಗುತ್ತಿದೆ, ಹಳೆಯ ಮಾದರಿ ಕೊಂಡವರು ಇನ್ನೆಷ್ಟು ಜಾಸ್ತಿ ಕೊಟ್ಟಾರು, ಇವು ಮೊದಲು ತೀರ್ಮಾನವಾಗುತ್ತವೆ. ಹಾಗಾಗಿ ಕಾರಿನ ಒಳಗೆ ನೋಡುವ ಮೊದಲು ಅಕ್ಕಪಕ್ಕ ನೋಡಬೇಕು. ಕೆಳಗಿನ ಹಂತಗಳ ಕ್ರಮವೂ ಅದೇ. ಕ್ರಮ ತಪ್ಪಿಸಬೇಡಿ.

ವಿಧಾನ ಕೆಲಸ ಮಾಡುತ್ತದಾ ಎಂದು ನೋಡಲು, ಉತ್ತರ ಗೊತ್ತಿರುವ ಒಂದು ಲೆಕ್ಕವನ್ನೇ ತಗೊಳ್ಳೋಣ: 2024ರ ಜೂನ್‌ನಲ್ಲಿ ಅನಾವರಣಗೊಂಡ ಬಿಎಂಡಬ್ಲ್ಯು ಎಂ5, ಅಂದರೆ 5 ಸೀರೀಸ್ ಸೆಡಾನ್‌ನ ಹೈ ಪರ್ಫಾರ್ಮೆನ್ಸ್ ಮಾದರಿ. ಈ ತಲೆಮಾರಿಗೆ ಕಂಪನಿ ಇಟ್ಟ ಸಂಕೇತ ಜಿ90. ಅದರ ಬೆಲೆ ಇನ್ನೂ ಗೊತ್ತಿಲ್ಲ ಎಂದುಕೊಂಡು ಅಮೆರಿಕದ ಅಂಕಿಗಳಲ್ಲಿ ಲೆಕ್ಕ ಹಾಕೋಣ. ನೀವೂ ಹೊಸ ಕಾರಿಗೆ ಕೈ ಹಾಕುವ ಮೊದಲು ಹೀಗೆ ಒಂದು ಹಳೆಯ ಕಾರಿನ ಮೇಲೆ ಪ್ರಯೋಗ ಮಾಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ಸ್ಪ್ರೆಡ್‌ಶೀಟ್. ಹಳೆಯ ಮಾದರಿ ಬಿಡುಗಡೆಯಾದಾಗ ಕಂಪನಿ ಹೊರಡಿಸಿದ ಪತ್ರಿಕಾ ಪ್ರಕಟಣೆ. ಅದೇ ಕಾರಿನ ಸಾಮಾನ್ಯ ಮಾದರಿಗಳ ಅಂದಿನ ಮತ್ತು ಇಂದಿನ ದರಪಟ್ಟಿ. ನಿಮಗೆ ಬೇಕಾದ ದೇಶದ ಬೆಲೆಯೇರಿಕೆಯ ಸೂಚ್ಯಂಕ, ವಾಹನ ತೆರಿಗೆ ಮತ್ತು ಆಮದು ಸುಂಕದ ದರ. ಇಷ್ಟೇ.

ಮಾರಾಟದ ಜಾಹೀರಾತಿನಲ್ಲಿ ಕಂಡ ಬೆಲೆಯನ್ನು ಆಧಾರವಾಗಿ ಹಿಡಿಯಬೇಡಿ. ಅದರಲ್ಲಿ ಆಪ್ಷನ್‌ಗಳು (ಹೆಚ್ಚುವರಿ ಹಣ ಕೊಟ್ಟು ಹಾಕಿಸಿಕೊಳ್ಳುವ ಸೌಲಭ್ಯಗಳು) ಸೇರಿರುತ್ತವೆ, ಡೀಲರ್ ಏರಿಸಿದ ಮೊತ್ತವೂ ಇರಬಹುದು. ಕಂಪನಿಯೇ ಹೇಳಿದ ಆರಂಭಿಕ ಬೆಲೆ ಮಾತ್ರ ಹಳಿ ತಪ್ಪದ ಅಂಕಿ.

## ಹಂತ 1: ಯಾವ ಬೆಲೆ ಎಂದು ಮೊದಲು ಬರೆದಿಡಿ

"ಬೆಲೆ ಎಷ್ಟಾಗಬಹುದು?" ಎಂಬ ಪ್ರಶ್ನೆಯೇ ಅರ್ಧ. ಯಾವ ದೇಶದಲ್ಲಿ? ತೆರಿಗೆ ಸೇರಿಯಾ, ಬಿಟ್ಟಾ? ಸಾಗಣೆ ಶುಲ್ಕ ಒಳಗಾ, ಹೊರಗಾ? ಬೇಸ್ ಮಾದರಿಯಾ, ಟಾಪ್ ಮಾದರಿಯಾ?

ಅಮೆರಿಕದಲ್ಲಿ ಘೋಷಿಸುವ ಬೆಲೆಯಲ್ಲಿ ಮಾರಾಟ ತೆರಿಗೆ ಇರುವುದಿಲ್ಲ. ಜರ್ಮನಿಯ ದರಪಟ್ಟಿಯಲ್ಲಿ ಶೇ. 19ರಷ್ಟು ಮೌಲ್ಯವರ್ಧಿತ ತೆರಿಗೆ ಸೇರಿಯೇ ಇರುತ್ತದೆ. ಈ ಎರಡನ್ನು ಒಂದೇ ಕಾಲಂನಲ್ಲಿ ಹಾಕಿದರೆ ಮುಂದಿನ ಎಲ್ಲ ಹಂತವೂ ವ್ಯರ್ಥ.

ಸಾಗಣೆ ಶುಲ್ಕ ಚಿಕ್ಕದು, ಆದರೆ ಕಾಟ ಕೊಡುತ್ತದೆ. ಹಿಂದಿನ ಎಂ5ಗೆ ಅಮೆರಿಕದಲ್ಲಿ ಈ ಶುಲ್ಕ 995 ಡಾಲರ್ ಇತ್ತು, ಹೊಸದಕ್ಕೆ 1,175. ಒಂದು ವರದಿ ಅದನ್ನು ಸೇರಿಸಿ ಬರೆದಿರುತ್ತದೆ, ಇನ್ನೊಂದು ಬಿಟ್ಟು ಬರೆದಿರುತ್ತದೆ. ನಾನು ಬಿಎಂಡಬ್ಲ್ಯು ಅಂಕಿಗಳಲ್ಲೆಲ್ಲ ಅದನ್ನು ಕಳೆದುಬಿಟ್ಟಿದ್ದೇನೆ. ಬೇಕಿದ್ದರೆ ಕೊನೆಯಲ್ಲಿ ಒಮ್ಮೆ ಮಾತ್ರ ಕೂಡಿಸಿ.

## ಹಂತ 2: ಹಿಂದಿನ ಮಾದರಿಯ ಸರಿಯಾದ ಅಂಕಿ ಹಿಡಿಯಿರಿ

ಇಲ್ಲಿ "ಸರಿಯಾದ" ಎಂಬ ಮಾತು ಮುಖ್ಯ. ಹಿಂದಿನ ತಲೆಮಾರಿನ, ಅಂದರೆ ಎಫ್90 ಸಂಕೇತದ ಎಂ5 ಅಮೆರಿಕದಲ್ಲಿ 2018ರ ಮಾದರಿಯಾಗಿ 1,02,600 ಡಾಲರ್‌ಗೆ ಶುರುವಾಯಿತು. 2019ರ ಮಾದರಿಯಾಗಿ ಇನ್ನಷ್ಟು ಶಕ್ತಿಯ, "ಕಾಂಪಿಟಿಷನ್" ಎಂಬ ಹೆಸರಿನ ಎಂ5 ಬಂತು, 1,10,000. ಆಮೇಲೆ 2022ರ ಮಾದರಿಯಾಗಿ ಹಗುರವಾದ ಸಿಎಸ್ ಬಂತು, 1,42,000. ಮೂರೂ ಎಂ5ಗಳೇ. ಆದರೆ ಹೊಸ ತಲೆಮಾರಿನ ಮೊದಲ ಕಾರಿಗೆ ಸರಿಸಮನಾದದ್ದು ಮೊದಲನೆಯದು.

ಕೊನೆಗೆ ಬಂದ ಸ್ಪೆಷಲ್ ಮಾದರಿ ನೆನಪಿನಲ್ಲಿ ಹಸಿಯಾಗಿರುತ್ತದೆ, ಆದ್ದರಿಂದ ಜನ ಅಲ್ಲಿಂದ ಲೆಕ್ಕ ಶುರು ಮಾಡುತ್ತಾರೆ. ಸಿಎಸ್‌ನಿಂದ ಶುರು ಮಾಡಿದವರಿಗೆ ಹೊಸ ಎಂ5 ಒಂದೂವರೆ ಲಕ್ಷ ಡಾಲರ್ ದಾಟುವಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ನಿಯಮ ಸರಳ: ಬಿಡುಗಡೆಯ ಬೆಲೆಯನ್ನು ಬಿಡುಗಡೆಯ ಬೆಲೆಗೇ ಹೋಲಿಸಿ, ಬೇಸ್ ಅನ್ನು ಬೇಸ್‌ಗೆ.

ಒಂದು ತೊಡಕಿದೆ. ಹಿಂದಿನ ಸಲದ ಬೇಸ್ ಮಾದರಿಯನ್ನು ಕೈಬಿಟ್ಟು ಈ ಸಲ ಕಾಂಪಿಟಿಷನ್ ಮಟ್ಟದ ಕಾರನ್ನೇ ಬೇಸ್ ಮಾಡುವುದುಂಟು. ಹಾಗೆ ಅನಿಸಿದರೆ ಎರಡೂ ಅಂಕಿಗಳನ್ನು ಬೇರೆ ಬೇರೆ ಸಾಲಿನಲ್ಲಿ ಮುಂದಕ್ಕೆ ಒಯ್ಯಿರಿ. ಈಗಲೇ ಒಂದನ್ನು ಆರಿಸಬೇಡಿ.

## ಹಂತ 3: ಬೆಲೆಯೇರಿಕೆ ಸೇರಿಸಿ, ಆದರೆ ಅದನ್ನೇ ಉತ್ತರ ಎನ್ನಬೇಡಿ

ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ 2018ರಿಂದ 2024ಕ್ಕೆ ಸುಮಾರು ಶೇ. 25ರಷ್ಟು ಏರಿದೆ. 1,02,600 ಅನ್ನು ಅಷ್ಟು ಏರಿಸಿದರೆ ಸುಮಾರು 1,28,000 ಡಾಲರ್.

ಈ ಅಂಕಿಯನ್ನು ಮೇಲಿನ ಗಡಿಯ ಗುರುತಾಗಿ ಇಟ್ಟುಕೊಳ್ಳಿ. ಕಂಪನಿಗಳು ಬೆಲೆಯೇರಿಕೆಯಷ್ಟನ್ನೂ ಒಂದೇ ಸಲಕ್ಕೆ ಗಿರಾಕಿಯ ಮೇಲೆ ಹೇರುವುದಕ್ಕೆ ಹಿಂಜರಿಯುತ್ತವೆ. ಹೊಸ ಕಾರು ಬರುವ ದಿನ ಎಲ್ಲರೂ ಹಳೆಯ ಬೆಲೆಯ ಜೊತೆ ಹೋಲಿಸುತ್ತಾರಲ್ವಾ, ಅದಕ್ಕೆ. ಹಾಗೆಂದು ಇದು ದಾಟಲಾಗದ ಗೋಡೆಯೇನಲ್ಲ. ನಿಮ್ಮ ಅಂದಾಜು ಇದಕ್ಕಿಂತ ಮೇಲೆ ಹೋದರೆ, ಯಾಕೆ ಎಂದು ಒಂದು ಸಾಲು ಬರೆಯಲು ನಿಮಗೆ ಆಗಬೇಕು. ಅಷ್ಟೇ.

## ಹಂತ 4: ಮನೆಯೊಳಗಿನ ಏಣಿ ಹತ್ತಿ

ಇಡೀ ಕೆಲಸದಲ್ಲಿ ನಾನು ಹೆಚ್ಚು ನಂಬುವ ಹಂತ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಎಂ5 ಅನ್ನುವುದು 5 ಸೀರೀಸ್‌ನ ಮೇಲಿನ ಮೆಟ್ಟಿಲು. ಅದರ ಕೆಳಗಿನ ಮೆಟ್ಟಿಲುಗಳ ಹೊಸ ಬೆಲೆ ಎಂ5 ಬರುವ ಮೊದಲೇ ಹೊರಬಿದ್ದಿರುತ್ತದೆ, ಏಕೆಂದರೆ ಸಾಮಾನ್ಯ ಮಾದರಿ ಮೊದಲು ಬರುತ್ತದೆ, ಪರ್ಫಾರ್ಮೆನ್ಸ್ ಮಾದರಿ ಆಮೇಲೆ. ಕಳೆದ ಸಲ ಎಂ5ಗೂ ಈ ಮೆಟ್ಟಿಲುಗಳಿಗೂ ಎಷ್ಟು ಅಂತರವಿತ್ತೋ ಈ ಸಲವೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ ಎಂದು ಹಿಡಿಯುವುದು ಇಲ್ಲಿನ ಉಪಾಯ. ಅಂತರವನ್ನು ಡಾಲರ್‌ನಲ್ಲಿ ಹಿಡಿಯಬೇಡಿ, ಎಷ್ಟು ಪಟ್ಟು ಎಂದು ಹಿಡಿಯಿರಿ. ಕೆಳಗಿನ ಕಾರು ದುಬಾರಿಯಾದಾಗ ಅಂತರದ ಮೊತ್ತವೂ ಬೆಳೆಯುತ್ತದೆ. ಪಟ್ಟು ಅಷ್ಟಾಗಿ ಬದಲಾಗುವುದಿಲ್ಲ.

ಹಿಂದಿನ ತಲೆಮಾರಿನಲ್ಲಿ 5 ಸೀರೀಸ್‌ನ ಸಾಮಾನ್ಯ ಮಾದರಿ 530ಐ ಶುರುವಾದದ್ದು 51,200 ಡಾಲರ್‌ಗೆ. ಎಂ5 ಅದರ ಎರಡು ಪಟ್ಟು. 2024ರ ಹೊಸ 530ಐ 57,900. ಎರಡು ಪಟ್ಟು ಮಾಡಿದರೆ ಸುಮಾರು 1,16,000.

540ಐ ಎಕ್ಸ್‌ಡ್ರೈವ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿ) ಆಗ 58,750, 2024ರಲ್ಲಿ 64,900. ಪಟ್ಟು 1.75ರ ಹತ್ತಿರ. ಬರುವ ಅಂದಾಜು ಸುಮಾರು 1,13,300.

ಎಂ5ಗೆ ತೀರಾ ಹತ್ತಿರದ ಮೆಟ್ಟಿಲು ಆಗ ಎಂ550ಐ, 72,100 ಡಾಲರ್. ಪಟ್ಟು 1.42. ಹೊಸ ತಲೆಮಾರು ಬಂದಾಗ ಆ ಜಾಗದಲ್ಲಿ ನಿಂತದ್ದು ಎಲೆಕ್ಟ್ರಿಕ್ ಐ5 ಎಂ60, 84,100 ಡಾಲರ್. ಲೆಕ್ಕ ಹಾಕಿದರೆ ಸುಮಾರು 1,19,700.

ಕೊನೆಗೆ ಕಂಪನಿ ಹೇಳಿದ ಬೆಲೆ 1,19,500 ಡಾಲರ್.

ಇನ್ನೂರು ಡಾಲರ್ ಆಚೀಚೆ! ಆದರೆ ಬೆನ್ನು ತಟ್ಟಿಕೊಳ್ಳುವುದು ಬೇಡ. ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ. ಪೆಟ್ರೋಲ್ ವಿ8 (ಎಂಟು ಸಿಲಿಂಡರ್‌ನ ಇಂಜಿನ್) ಇದ್ದ ಮೆಟ್ಟಿಲಿನಲ್ಲಿ ಎಲೆಕ್ಟ್ರಿಕ್ ಕಾರನ್ನು ಕೂರಿಸಿ ಲೆಕ್ಕ ಮಾಡಿದ್ದೇವೆ. ಇದರಲ್ಲಿ ಕಲಿಯಬೇಕಾದ್ದು ಬೇರೆ: ಮೂರೂ ಮೆಟ್ಟಿಲುಗಳು ಕೊಟ್ಟ ಉತ್ತರ 1,13,000ದಿಂದ 1,20,000ದೊಳಗೇ ಇವೆ, ಮತ್ತು ಹತ್ತಿರದ ಮೆಟ್ಟಿಲಿನ ಉತ್ತರವೇ ನಿಜಕ್ಕೆ ಹತ್ತಿರ. ಕನಿಷ್ಠ ಎರಡು ಮೆಟ್ಟಿಲಿನಿಂದ ಲೆಕ್ಕ ಹಾಕಿ. ಎರಡರ ಉತ್ತರ ಒಂದಕ್ಕೊಂದು ದೂರ ಬಿದ್ದರೆ ಹತ್ತಿರದ ಮೆಟ್ಟಿಲಿಗೆ ಹೆಚ್ಚು ತೂಕ ಕೊಡಿ.

ಇಲ್ಲಿ ಆಗುವ ದೊಡ್ಡ ತಪ್ಪು. ಸಾಮಾನ್ಯ ಮಾದರಿಯ ಬಿಡಿಭಾಗಗಳನ್ನು ತಂದು ಸ್ಥಳೀಯವಾಗಿ ಜೋಡಿಸಿ ಮಾರುವ ದೇಶಗಳಿವೆ. ಅಂಥ ಕಡೆ ಪರ್ಫಾರ್ಮೆನ್ಸ್ ಮಾದರಿ ಮಾತ್ರ ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವುದು ಸಾಮಾನ್ಯ. ಜೋಡಿಸಿದ ಕಾರಿಗೆ ಸುಂಕ ಕಡಿಮೆ, ಪೂರ್ತಿ ಬಂದ ಕಾರಿಗೆ ಜಾಸ್ತಿ. ಆಗ ಮೇಲಿನ ಮೆಟ್ಟಿಲು ತಟ್ಟನೆ ಎತ್ತರವಾಗುತ್ತದೆ, ಬೇರೆ ದೇಶದ ಪಟ್ಟು ಅಲ್ಲಿಗೆ ಹೊಂದುವುದಿಲ್ಲ. ಅಂಥ ಮಾರುಕಟ್ಟೆಗೆ ಲೆಕ್ಕ ಹಾಕುವಾಗ ಅದೇ ದೇಶದಲ್ಲಿ, ಅದೇ ರೀತಿ ಆಮದಾದ ಹಿಂದಿನ ಎಂ5ನ ಪಟ್ಟನ್ನೇ ಬಳಸಿ.

## ಹಂತ 5: ಎದುರಾಳಿಗಳನ್ನು ನೋಡಿ, ಎಚ್‌ಪಿ ಲೆಕ್ಕ ಬಿಡಿ

ಒಂದು ಎಚ್‌ಪಿಗೆ ಎಷ್ಟು ಡಾಲರ್ ಎಂದು ಭಾಗಿಸಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಮಾಡಿ ನೋಡೋಣ.

2022ರ ಕ್ಯಾಡಿಲಾಕ್ ಸಿಟಿ5-ವಿ ಬ್ಲ್ಯಾಕ್‌ವಿಂಗ್ 668 ಎಚ್‌ಪಿ, ಸಾಗಣೆ ಶುಲ್ಕ ಸೇರಿ 84,990 ಡಾಲರ್. ಎಚ್‌ಪಿಗೆ ಸುಮಾರು 127. ಹೊಸ ಎಂ5 ಅಮೆರಿಕದ ಲೆಕ್ಕದಲ್ಲಿ 717 ಎಚ್‌ಪಿ. ಕ್ಯಾಡಿಲಾಕ್‌ನ ದರ ಹಾಕಿದರೆ ಎಂ5 ಬೆಲೆ 91,000 ಆಗಬೇಕಿತ್ತು. ಸುಮಾರು 28,000 ಡಾಲರ್ ಕಡಿಮೆ ಬಿತ್ತು.

ಎಲೆಕ್ಟ್ರಿಕ್‌ನಲ್ಲಿ ಇನ್ನೂ ವಿಚಿತ್ರ. ಮೂರು ಮೋಟರ್‌ಗಳ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ 1,020 ಎಚ್‌ಪಿ, 2021ರಲ್ಲಿ ಕೈಗೆ ಬರುವ ಹೊತ್ತಿಗೆ 1,29,990 ಡಾಲರ್. ಅದೇ ಮೂರು ಮೋಟರ್‌ಗಳ ಲೂಸಿಡ್ ಏರ್ ಸಫೈರ್ 1,234 ಎಚ್‌ಪಿ, ಬಿಡುಗಡೆಯಾದಾಗ 2,49,000 ಡಾಲರ್. ಶಕ್ತಿ ಶೇ. 21 ಜಾಸ್ತಿ, ಬೆಲೆ ಹತ್ತಿರ ಹತ್ತಿರ ಎರಡು ಪಟ್ಟು.

ಹಾಗಾದರೆ ಎದುರಾಳಿಗಳನ್ನು ಯಾಕೆ ನೋಡಬೇಕು? ಬೇಲಿ ಎಲ್ಲಿದೆ ಎಂದು ತಿಳಿಯಲು. ಅದೇ ಗಾತ್ರ, ಅದೇ ಮಟ್ಟದ ಬ್ರ್ಯಾಂಡ್, ಅದೇ ಗಿರಾಕಿ ಇರುವ ಎರಡು ಮೂರು ಕಾರು ಸಾಕು. ನಿಮ್ಮ ಏಣಿ ಲೆಕ್ಕ ಆ ಗುಂಪಿಗಿಂತ ತೀರಾ ಹೊರಗೆ ಬಿದ್ದರೆ ಹಂತ 2ಕ್ಕೆ ಮರಳಿ. ಹೆಚ್ಚಾಗಿ ತಪ್ಪು ಅಲ್ಲೇ ಸಿಗುತ್ತದೆ.

## ಹಂತ 6: ಹೊಸ ತಂತ್ರಜ್ಞಾನಕ್ಕೆ ಸ್ವಲ್ಪವೇ ಕೂಡಿಸಿ

ಜಿ90 ಎಂ5ನಲ್ಲಿ 4.4 ಲೀಟರ್ ಟ್ವಿನ್ ಟರ್ಬೊ ವಿ8 ಜೊತೆಗೆ ಎಲೆಕ್ಟ್ರಿಕ್ ಮೋಟರ್, ಪ್ಲಗ್-ಇನ್ ಬ್ಯಾಟರಿ ಎಲ್ಲ ಬಂತು. ಟಾರ್ಕ್ (ತಿರುಗಿಸುವ ಬಲ) 1,000 ನ್ಯೂಟನ್ ಮೀಟರ್. ತೂಕ ಸುಮಾರು 2,445 ಕಿಲೋ. ಇದನ್ನೆಲ್ಲ ನೋಡಿ ಬ್ಯಾಟರಿಗೆ ಇಷ್ಟು, ಮೋಟರ್‌ಗೆ ಇಷ್ಟು ಎಂದು ಕೂಡಿಸಿದ್ದರೆ ಅಂದಾಜು ಮೇಲಕ್ಕೆ ಹಾರುತ್ತಿತ್ತು. ಆದರೆ 2018ರ ಬೇಸ್‌ಗೆ ಹೋಲಿಸಿದರೆ ನಿಜವಾದ ಏರಿಕೆ ಶೇ. 16.5 ಮಾತ್ರ, ಬೆಲೆಯೇರಿಕೆಗಿಂತಲೂ ಕಡಿಮೆ.

ಉಲ್ಟಾ ಕೂಡ ನಿಜ. ಮರ್ಸಿಡಿಸ್-ಎಎಂಜಿ ಸಿ63ನಲ್ಲಿ ವಿ8 ಹೋಗಿ 2 ಲೀಟರ್, ನಾಲ್ಕು ಸಿಲಿಂಡರ್‌ನ ಹೈಬ್ರಿಡ್ ಬಂತು. ಸಿಲಿಂಡರ್ ಅರ್ಧವಾಯಿತೇ ಹೊರತು ಬೆಲೆ ಇಳಿಯಲಿಲ್ಲ.

ನನ್ನ ಲೆಕ್ಕ ಹೀಗೆ: ತಂತ್ರಜ್ಞಾನ ಪೂರ್ತಿ ಬದಲಾಗಿದ್ದರೆ ಅಂದಾಜಿನ ಅಗಲವನ್ನು ಮೇಲ್ಗಡೆ ಶೇ. 3ರಿಂದ 5ರಷ್ಟು ಹಿಗ್ಗಿಸುತ್ತೇನೆ. ನಡುವಿನ ಅಂಕಿಯನ್ನು ಮುಟ್ಟುವುದಿಲ್ಲ.

ಇಂಧನ ಬಳಕೆಯ ಮೇಲಿನ ತೆರಿಗೆ ಮಾತ್ರ ಬೇರೆ ವಿಷಯ, ಅದನ್ನು ಮರೆಯಬೇಡಿ. ಅಮೆರಿಕದಲ್ಲಿ ಗ್ಯಾಲನ್‌ಗೆ 22.5 ಮೈಲಿಗಿಂತ ಕಡಿಮೆ ಓಡುವ ಹೊಸ ಕಾರುಗಳ ಮೇಲೆ 1,000ದಿಂದ 7,700 ಡಾಲರ್‌ವರೆಗೆ ತೆರಿಗೆ ಬೀಳುತ್ತದೆ. ಎಸ್‌ಯುವಿಗಳಿಗೆ ಇಲ್ಲ, ಸೆಡಾನ್‌ಗಳಿಗೆ ಇದೆ. ಈ ಮೊತ್ತ ಘೋಷಿತ ಬೆಲೆಯಲ್ಲಿ ಇರುವುದಿಲ್ಲ, ಬಿಲ್‌ನಲ್ಲಿ ಇರುತ್ತದೆ. ಇಂಗಾಲದ ಹೊಗೆಯ ಪ್ರಮಾಣ ನೋಡಿ ತೆರಿಗೆ ಹಾಕುವ ದೇಶಗಳಲ್ಲಿ ಹೈಬ್ರಿಡ್ ಆದದ್ದೇ ಕಾರಿನ ಕೊನೆಯ ಬೆಲೆಯನ್ನು ಇಳಿಸಬಹುದು.

## ಹಂತ 7: ಇನ್ನೊಂದು ದೇಶಕ್ಕೆ ಸಾಗಿಸುವಾಗ

ಹೆಚ್ಚಿನವರು ಸೋಲುವ ಇನ್ನೊಂದು ಜಾಗ ಇದು. ನಾನೂ ಸೋತಿದ್ದೇನೆ. ಹಿಂದೊಮ್ಮೆ ಯೂರೋ ಬೆಲೆಯನ್ನು ಅಂದಿನ ವಿನಿಮಯ ದರಕ್ಕೆ ಗುಣಿಸಿ ಗೆಳೆಯನೊಬ್ಬನಿಗೆ ಅಂಕಿ ಕೊಟ್ಟೆ. ನಿಜವಾದ ಬೆಲೆ ಬಂದ ಮೇಲೆ ಅವನು ಏನೂ ಹೇಳಲಿಲ್ಲ, ನನ್ನ ಸ್ಪ್ರೆಡ್‌ಶೀಟನ್ನು ನನಗೇ ವಾಪಸ್ ಕಳಿಸಿದ.

ಎಂ5ನಲ್ಲೇ ನೋಡಿ. ಜರ್ಮನಿಯಲ್ಲಿ ಅದರ ಬಿಡುಗಡೆಯ ಬೆಲೆ 1,44,000 ಯೂರೋ ಇತ್ತು. ಒಂದು ಯೂರೋಗೆ 1.08 ಡಾಲರ್ ಎಂದು ಸುಮ್ನೆ ಗುಣಿಸಿದರೆ 1,55,500 ಡಾಲರ್. ಶೇ. 19ರ ತೆರಿಗೆ ತೆಗೆಯಿರಿ. ತೆಗೆಯುವುದೆಂದರೆ 1.19ರಿಂದ ಭಾಗಿಸುವುದು, ಶೇ. 19 ಕಳೆಯುವುದಲ್ಲ. ಆಗ ಸುಮಾರು 1,21,000 ಯೂರೋ, ಅಂದರೆ ಸುಮಾರು 1,30,700 ಡಾಲರ್. ಅಮೆರಿಕದ ಬಿಡುಗಡೆಯ ಬೆಲೆ 1,19,500. ತೆರಿಗೆ ತೆಗೆದ ಮೇಲೂ 11,000 ಡಾಲರ್ ಅಂತರ ಉಳಿಯಿತು.

ಆ ಉಳಿದ ಅಂತರ ಮಾರುಕಟ್ಟೆಯದ್ದು. ಒಂದೊಂದು ದೇಶದಲ್ಲಿ ಬೇಸ್ ಕಾರಿನ ಜೊತೆ ಬರುವ ಫೀಚರ್‌ಗಳು ಬೇರೆ, ಸ್ಪರ್ಧೆ ಬೇರೆ, ಗಿರಾಕಿ ಒಪ್ಪುವ ಬೆಲೆ ಬೇರೆ. ವಿನಿಮಯ ದರ ನಾಳೆ ಬೆಳಗ್ಗೆ ಬದಲಾದರೂ ದರಪಟ್ಟಿ ಬದಲಾಗುವುದಿಲ್ಲ. ಆದ್ದರಿಂದ ನೇರ ಪರಿವರ್ತನೆ ಬೇಡ. ಹಳೆಯ ಮಾದರಿಗೆ ಈ ಎರಡು ದೇಶಗಳ ನಡುವೆ ತೆರಿಗೆ ಬಿಟ್ಟು ಎಷ್ಟು ಅಂತರ ಇತ್ತು ಎಂದು ನೋಡಿ, ಅದೇ ಅನುಪಾತ ಹಾಕಿ.

ಸುಂಕ ಇರುವ ಕಡೆ ಶೇಕಡಾಗಳನ್ನು ಕೂಡಿಸಬೇಡಿ. ಬಂದರಿಗೆ ಬಂದಾಗಿನ ಮೌಲ್ಯ 100, ಸುಂಕ ಶೇ. 50, ಮಾರಾಟ ತೆರಿಗೆ ಶೇ. 20 ಎಂದುಕೊಳ್ಳಿ. 170 ಅಲ್ಲ, 180 ಆಗುತ್ತದೆ. ಸುಂಕ ಸೇರಿದ 150ರ ಮೇಲೆ ತೆರಿಗೆ ಬೀಳುತ್ತದೆ. ಇನ್ನೊಂದು ಮಾತು: ಬಂದರಿನ ಮೌಲ್ಯ ಅಂದರೆ ಬೇರೆ ದೇಶದ ಶೋರೂಂ ಬೆಲೆಯಲ್ಲ. ಅದರಲ್ಲಿ ಅಲ್ಲಿನ ಡೀಲರ್‌ನ ಲಾಭ ಸೇರಿದೆ. ಶೋರೂಂ ಬೆಲೆಯ ಮೇಲೇ ಸುಂಕ ಹಾಕಿದರೆ ಅಂದಾಜು ಉಬ್ಬುತ್ತದೆ.

## ಹಂತ 8: ಆಪ್ಷನ್‌ಗಳಿಗೆ ಬೇರೆ ಕಾಲಂ

ಆರಂಭಿಕ ಬೆಲೆಯ ಕಾರನ್ನು ಯಾರೂ ಫೋಟೋದಲ್ಲಿ ತೋರಿಸುವುದಿಲ್ಲ. ಫೋಟೋದಲ್ಲಿ ಚಿನ್ನದ ಬಣ್ಣದ ಕ್ಯಾಲಿಪರ್ (ಚಕ್ರದೊಳಗೆ ಕಾಣುವ ಬ್ರೇಕ್‌ನ ಹಿಡಿ) ಕಂಡರೆ ಅದು ಬಹುಶಃ ಕಾರ್ಬನ್ ಸೆರಾಮಿಕ್ ಬ್ರೇಕ್. ಜಿ90 ಎಂ5 ಬಿಡುಗಡೆಯಾದಾಗ ಅದೊಂದಕ್ಕೇ 8,500 ಡಾಲರ್ ಇತ್ತು. ಬಣ್ಣ, ಸೀಟು, ಕಾರ್ಬನ್ ಪ್ಯಾಕೇಜ್ ಸೇರಿದರೆ ಮೊತ್ತ ಬೇಗ ಬೆಳೆಯುತ್ತದೆ. ಬೇಸ್ ಅಂದಾಜು ಒಂದು ಕಡೆ, ಫೋಟೋದ ಕಾರಿನ ಅಂದಾಜು ಇನ್ನೊಂದು ಕಡೆ ಬರೆಯಿರಿ. ಮೊದಲ ತಿಂಗಳುಗಳಲ್ಲಿ ಬರುವ ಲಾಂಚ್ ಎಡಿಷನ್ ಇದ್ದರೆ ಅದಕ್ಕೆ ಮೂರನೇ ಕಾಲಂ.

## ಹಂತ 9: ಒಂದು ಅಂಕಿಯಲ್ಲ, ವ್ಯಾಪ್ತಿ ಬರೆಯಿರಿ

ನಮ್ಮ ಉದಾಹರಣೆಯಲ್ಲಿ ಏಣಿ ಕೊಟ್ಟದ್ದು 1,13,300, 1,16,000 ಮತ್ತು 1,19,700. ಬೆಲೆಯೇರಿಕೆ ಕೊಟ್ಟದ್ದು 1,28,000. ಹತ್ತಿರದ ಮೆಟ್ಟಿಲಿಗೆ ತೂಕ ಕೊಟ್ಟು, ಹೈಬ್ರಿಡ್ ಎಂದು ಮೇಲ್ಗಡೆ ಸ್ವಲ್ಪ ಹಿಗ್ಗಿಸಿದರೆ 1,14,000ದಿಂದ 1,24,000, ನಡುವೆ 1,18,000 ಎಂದು ನಾನು ಬರೆಯುತ್ತಿದ್ದೆ. ಉತ್ತರ ನೋಡಿಕೊಂಡು ಲೆಕ್ಕ ಹಾಕಿದರೆ ಎಲ್ಲರೂ ಜಾಣರೇ, ಗೊತ್ತು. ಅದಕ್ಕೇ ನೀವು ಇನ್ನೊಂದೆರಡು ಹಳೆಯ ಕಾರುಗಳ ಮೇಲೆ ಇದೇ ಲೆಕ್ಕ ಮಾಡಿ, ಎಷ್ಟು ತಪ್ಪುತ್ತದೆ ಎಂದು ನೋಡಿ. ನಿಮ್ಮ ವ್ಯಾಪ್ತಿಯ ಅಗಲ ಆ ತಪ್ಪಿನಷ್ಟಾದರೂ ಇರಲಿ.

## ಎಚ್ಚರಿಕೆಯ ಗುರುತುಗಳು

ಹತ್ತು ಕಡೆ ಒಂದೇ "ನಿರೀಕ್ಷಿತ ಬೆಲೆ" ಕಂಡರೆ ಖಚಿತ ಎಂದುಕೊಳ್ಳಬೇಡಿ. ಒಬ್ಬರು ಬರೆದದ್ದನ್ನು ಒಂಬತ್ತು ಮಂದಿ ಎತ್ತಿರಬಹುದು. ಮೊದಲು ಬರೆದವರು ಯಾರು, ಯಾವ ದಿನ ಎಂದು ಹುಡುಕಿ.

ಅಂಕಿಯ ಜೊತೆ ದೇಶದ ಹೆಸರಿಲ್ಲದಿದ್ದರೆ, ತೆರಿಗೆಯ ಮಾತಿಲ್ಲದಿದ್ದರೆ ಅದನ್ನು ಕಾಲಂಗೆ ಹಾಕಲೇಬೇಡಿ.

ನಿಮ್ಮ ಅಂದಾಜು ಅದೇ ಬ್ರ್ಯಾಂಡಿನ ಮೇಲಿನ ದೊಡ್ಡ ಸೆಡಾನ್‌ನ ಬೆಲೆಯನ್ನು ಮುಟ್ಟಿದರೆ ನಿಲ್ಲಿ. ಪರ್ಫಾರ್ಮೆನ್ಸ್ ಮಾದರಿಗಳು ಮೇಲಿನ ಸಾಲಿನ ಸಾಮಾನ್ಯ ಕಾರನ್ನು ದಾಟುವುದುಂಟು. ಆದರೆ ಆ ಸಾಲಿನ ಪರ್ಫಾರ್ಮೆನ್ಸ್ ಮಾದರಿಯನ್ನೂ ದಾಟಿದರೆ ಲೆಕ್ಕದಲ್ಲಿ ಎಲ್ಲೋ ತೆರಿಗೆ ಎರಡು ಸಲ ಬಿದ್ದಿರಬಹುದು.

ಯಾರಾದರೂ "ಈ ಬೆಲೆಗೆ ಖಾತ್ರಿ" ಎಂದು ಘೋಷಣೆಗೆ ಮೊದಲೇ ಮುಂಗಡ ಕೇಳಿದರೆ, ಆ ಮಾತನ್ನು ಬರಹದಲ್ಲಿ ಕೇಳಿ, ಮುಂಗಡ ವಾಪಸ್ ಬರುತ್ತದಾ ಎಂದೂ ಕೇಳಿ.

## ಹಂತ 10: ಘೋಷಣೆಯಾದ ಮೇಲೂ ಫೈಲ್ ಮುಚ್ಚಬೇಡಿ

ಮಾಡೆಲ್ ಎಸ್ ಪ್ಲೇಡ್‌ಗೆ 2021ರ ಜನವರಿಯಲ್ಲಿ ಹೇಳಿದ ಬೆಲೆ 1,19,990 ಡಾಲರ್. ಜೂನ್‌ನಲ್ಲಿ ಕಾರು ಕೈಗೆ ಕೊಡುವ ಕಾರ್ಯಕ್ರಮದ ಹೊತ್ತಿಗೆ ಅದು 10,000 ಡಾಲರ್ ಏರಿತ್ತು. ಹಾಗಾಗಿ ಘೋಷಣೆಯ ದಿನದ ಬೆಲೆಯನ್ನು ಒಂದು ಸಾಲಿನಲ್ಲಿ, ಮೊದಲ ಕಾರು ಗಿರಾಕಿಗೆ ತಲುಪಿದ ದಿನದ ಬೆಲೆಯನ್ನು ಇನ್ನೊಂದು ಸಾಲಿನಲ್ಲಿ, ದಿನಾಂಕ ಸಮೇತ ಬರೆದಿಡಿ. ಪಕ್ಕದಲ್ಲಿ ನಿಮ್ಮ ಹಳೆಯ ಅಂದಾಜು ಹಾಗೇ ಇರಲಿ, ತಿದ್ದಬೇಡಿ. ಮುಂದಿನ ತಲೆಮಾರಿನ ಕಾರು ಬಂದಾಗ ಹಂತ 2ರಲ್ಲಿ ಹುಡುಕಬೇಕಾದ ಅಂಕಿ ಇದೇ ಫೈಲ್‌ನಲ್ಲಿ ಸಿಗುತ್ತದೆ.